ಉಲ್ಲನಕ್ಕನ ಹೊದಿಕೆ

ಗ್ಯಾರೇಜಿನ ಪೇಂಟರ್ ಮೂರನೆಯ ಸಲ ಆ ಎರಡು ಬೆರಳುಗಳನ್ನು ನೇರ ಮಾಡಲು ನೋಡಿದ. ತೀರಿಹೋದ ಮೇಸ್ತ್ರಿಯ ಬಲಗೈಯ ತೋರುಬೆರಳು, ಅದರ ಪಕ್ಕದ್ದು. ಮೆಲ್ಲಗೆ ಒತ್ತಿದ, ನೀವಿದ, ಕೊನೆಗೆ ಬಿಸಿನೀರಿನ ಬಟ್ಟೆ ಸುತ್ತಿಯೂ ನೋಡಿದ. ಉಳಿದ ಬೆರಳುಗಳು ಮಾತು ಕೇಳಿದವು. ಈ ಎರಡು ಮಾತ್ರ ಹೆಬ್ಬೆರಳಿನ ಕಡೆಗೆ ಬಾಗಿಯೇ ಇದ್ದವು.

“ಬಿಡಿ ಅತ್ತಿಗೆ, ಆಗಲ್ಲ,” ಎಂದು ಅವನು ಕಣ್ಣೊರೆಸಿಕೊಂಡ. “ಬದುಕಿದ್ದಾಗಲೇ ಸ್ಪ್ಯಾನರ್ ಬಿಡದವನು ಈಗ ಬಿಡ್ತಾನಾ? ಹೋದ ಕಡೆ ಯಾವುದಾದ್ರೂ ಬೋಲ್ಟು ಸಡಿಲ ಇದ್ರೆ ಬಿಗಿ ಮಾಡ್ಲಿ ಬಿಡಿ.”

ಸುತ್ತ ನಿಂತವರು ಅಳುವಿನ ನಡುವೆಯೇ ನಕ್ಕರು. ಮೇಸ್ತ್ರಿಯ ಕೈಯ ಬಗ್ಗೆ ಬೀದಿಗೆಲ್ಲ ಗೊತ್ತಿದ್ದ ಹಳೆಯ ತಮಾಷೆ ಅದು. ನಲವತ್ತು ವರ್ಷ ಗ್ಯಾರೇಜಿನಲ್ಲಿ ದುಡಿದ ಕೈ, ಸ್ಪ್ಯಾನರ್ ಹಿಡಿದು ಹಿಡಿದು ಹಾಗೇ ನಿಂತುಬಿಟ್ಟಿದೆ ಅಂತ. ಮೇಸ್ತ್ರಿಯ ಹೆಂಡತಿ ಮಾತ್ರ ನಗಲಿಲ್ಲ. ಆ ಎರಡು ಬೆರಳಿಗೂ ಹೆಬ್ಬೆರಳಿಗೂ ನಡುವೆ ಉಳಿದ ಸಣ್ಣ ಖಾಲಿ ಜಾಗವನ್ನೇ ನೋಡುತ್ತಿದ್ದಳು. ನಿನ್ನೆ ಸಂಜೆ ನಾಲ್ಕು ಗಂಟೆಗೆ ಆ ಜಾಗ ಖಾಲಿ ಇರಲಿಲ್ಲ.

ಬೆಳಗಿನಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಬಾಡಿಗೆಗೆ ತಂದ ಕುರ್ಚಿಗಳನ್ನು ನೇರ ಮಾಡಿದಳು, ಜನ ಕೂತಿದ್ದ ಕುರ್ಚಿಗಳನ್ನೂ ಸಹ. ಯಾರೋ “ಒಂದು ಗಳಿಗೆ ಕೂತ್ಕೊಳಮ್ಮಾ” ಎಂದು ಭುಜ ಒತ್ತಿದರೆ ಕೂತಂತೆ ಮಾಡಿ, ಅವರು ಅತ್ತ ತಿರುಗಿದೊಡನೆ ಎದ್ದಳು. ಶವ ಒಯ್ಯುವ ಗಾಡಿ ಬರುವುದು ಮೂರು ಗಂಟೆಗೆ. ಗಡಿಯಾರದಲ್ಲಿ ಹನ್ನೊಂದಾಗಿತ್ತು.

ಆ ಹೊತ್ತಿಗೆ ಎದುರುಮನೆಯ ಟೀಚರಮ್ಮ ಕುರ್ಚಿ ಪಕ್ಕದಲ್ಲಿದ್ದ ಉಲ್ಲನ್ ಬುಟ್ಟಿಯನ್ನು ಎತ್ತಿಕೊಂಡು ಬಂದಳು. ನಿವೃತ್ತಿಯಾದರೂ ಬೀದಿಯನ್ನೇ ತರಗತಿ ಮಾಡಿಕೊಂಡ ಹೆಂಗಸು. ಯಾರು ಎಲ್ಲಿ ಕೂರಬೇಕು, ಯಾರ ಚಹಾಕ್ಕೆ ಸಕ್ಕರೆ ಬೇಡ ಎಂಬುದೆಲ್ಲ ಬೆಳಗಿನಿಂದ ಅವಳದೇ ಉಸ್ತುವಾರಿ. ಒಳ್ಳೆಯವಳು. ಒಳ್ಳೆಯವರಿಂದ ತಪ್ಪಿಸಿಕೊಳ್ಳುವುದೇ ಕಷ್ಟ.

“ಉಲ್ಲನಕ್ಕಾ, ಇದು ಅಣ್ಣನಿಗೇ ಅಂತ ಹಾಕ್ತಿದ್ದದ್ದಲ್ವಾ?” ಎಂದು ಬುಟ್ಟಿಯಿಂದ ಹೊದಿಕೆಯನ್ನು ಹೊರಗೆಳೆದು ಹರವಿದಳು.

ಕೋಣೆಯೇ ಬೆಳಗಿದಂತಾಯಿತು. ನೀಲಿ, ಇಟ್ಟಿಗೆ ಕೆಂಪು, ಸಾಸಿವೆ ಹಳದಿ, ಎಲೆ ಹಸಿರು, ಮತ್ತೆ ನೀಲಿ. ಬಣ್ಣಬಣ್ಣದ ಅಲೆಗಳು ಏರಿ ಇಳಿದು, ಏರಿ ಇಳಿದು ಟೀಚರಮ್ಮನ ತೋಳಿನಿಂದ ನೆಲದವರೆಗೆ ಹರಿದವು. ಒಂದು ತುದಿಯಲ್ಲಿ ಅರ್ಧಕ್ಕೆ ನಿಂತ ಸಾಲು. ಸಾಲಿನ ಕೊನೆಯ ಕುಣಿಕೆಯಲ್ಲಿ ದಪ್ಪ ಹಿಡಿಯ ಒಂದು ಕ್ರೋಶಾ ಕಡ್ಡಿ ಸಿಕ್ಕಿಕೊಂಡು ತೂಗಾಡುತ್ತಿತ್ತು.

“ನೀಲಿಯಿಂದ ಶುರು ಮಾಡಿದೀರಿ, ನೀಲಿಗೇ ಮುಗೀಬೇಕು. ಅರ್ಧ ಸಾಲು ಅಷ್ಟೇ ಬಾಕಿ. ನಿಮ್ಮ ಕೈಗೆ ಅದೇನು ಮಹಾ? ಒಳಗೆ ಕೂತು ಮುಗಿಸಿಕೊಂಡು ಬನ್ನಿ. ಹೆಂಡತಿ ಕೈಯಾರೆ ಹಾಕಿದ್ದನ್ನ ಹೊದ್ದುಕೊಂಡು ಹೋಗ್ಲಿ.”

“ಹೌದು, ಹೌದು,” ಎಂದಿತು ಇಡೀ ಕೋಣೆ. “ಉಲ್ಲನಕ್ಕ ಇದ್ದೂ ಮೇಸ್ತ್ರಿ ಬರೀ ಬಿಳೀ ಬಟ್ಟೆಲಿ ಹೋಗೋದಾ?”

ಬುಟ್ಟಿ ಅವಳ ಮಡಿಲಿಗೆ ಬಂತು. ಉಲ್ಲನಕ್ಕ ಅದನ್ನು ಎತ್ತಿಕೊಂಡು ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಇಪ್ಪತ್ತೆರಡು ವರ್ಷ ಆ ಹೆಸರಿನಿಂದ ಬದುಕಿದವಳಿಗೆ ಒಂದೇ ಒಂದು ಕುಣಿಕೆ ಹಾಕಲು ಬರುತ್ತಿರಲಿಲ್ಲ.

*

ಜಾಕ್ ಜಾರಿ ಲಾರಿಯ ಗೇರ್‌ಬಾಕ್ಸ್ ಮೇಸ್ತ್ರಿಯ ಬಲಗೈ ಮೇಲೆ ಬಿದ್ದಾಗ ಮಗಳಿಗೆ ಎಂಟು ವರ್ಷ. ಕೈ ಉಳಿಯಿತು, ಬೆರಳಿನ ನರ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ಮೊದಲು ರಬ್ಬರ್ ಚೆಂಡು ಕೊಟ್ಟಳು. ಮೇಸ್ತ್ರಿ ಅದನ್ನು ಕಿಟಕಿಯಿಂದಾಚೆ ಎಸೆದ. ಮರುದಿನ ಅವಳು ಕ್ರೋಶಾ ಕಡ್ಡಿ, ಒಂದು ಉಂಡೆ ಉಲ್ಲನ್ ತಂದಿಟ್ಟಳು.

“ಇದು ಹೆಂಗಸರ ಕೆಲಸ ಕಣಮ್ಮ.”

“ನರಕ್ಕೆ ಗಂಡಸು ಹೆಂಗಸು ಅಂತ ಗೊತ್ತಾಗಲ್ಲ, ಮೇಸ್ತ್ರಿಗಳೇ. ಹಿಡೀರಿ.”

ಹಿಡಿದ. ಮೊದಲ ವಾರ ಕಡ್ಡಿಗೆ, ದಾರಕ್ಕೆ, ಆ ಹುಡುಗಿಗೆ ಬೈಯುತ್ತಲೇ ಹಿಡಿದ. ಎರಡನೆಯ ವಾರ ಬೈಗುಳ ನಿಂತು ಎಣಿಕೆ ಶುರುವಾಯಿತು. ಮನೆಗೆ ಬಂದ ಮೇಲೆ ಕಡ್ಡಿ ತೀರಾ ತೆಳ್ಳಗಿದೆ ಎಂದು ಗ್ಯಾರೇಜಿನ ಹಿತ್ತಾಳೆ ಸರಳೊಂದನ್ನು ಅರದಿಂದ ಉಜ್ಜಿ, ತುದಿಗೆ ಕೊಕ್ಕೆ ಮಾಡಿ, ಹಿಡಿಗೆ ಸೀಮೆಎಣ್ಣೆ ಹೀರಿದ್ದ ಹಳೆಯ ರಬ್ಬರ್ ಪೈಪಿನ ತುಂಡು ಸಿಕ್ಕಿಸಿ, ತನ್ನ ಕೈಗೆ ತಕ್ಕ ಕಡ್ಡಿಯನ್ನು ತಾನೇ ಮಾಡಿಕೊಂಡ. ಬೆರಳು ಪೂರ್ತಿ ನೇರವಾಗಲೇ ಇಲ್ಲ. ಆದರೆ ಆ ಹಿಡಿಗೆ ಎಷ್ಟು ಬಾಗಬೇಕೋ ಅಷ್ಟು ಬಾಗುತ್ತಿದ್ದವು. ದಿನಾ ಸಂಜೆ ಸೀಮೆಎಣ್ಣೆಯಿಂದ ಗ್ರೀಸ್ ತೆಗೆದು, ಸೋಪಿನಿಂದ ಮೂರು ಸಲ ಕೈತೊಳೆದು ಕುರ್ಚಿಯಲ್ಲಿ ಕೂತರೆ ಅವನ ಬಾಯಲ್ಲಿ ಒಂದೇ ಜಪ. “ಏರಲ್ಲಿ ಒಂದೇ ಕುಣಿಕೆಗೆ ಮೂರು, ಇಳಿವಲ್ಲಿ ಎರಡು ಬಿಡು. ಏರಲ್ಲಿ ಮೂರು, ಇಳಿವಲ್ಲಿ ಎರಡು ಬಿಡು.” ಮೂರು ಹಾಕದಿದ್ದರೆ ಅಲೆ ಏಳುವುದಿಲ್ಲ, ಎರಡು ಬಿಡದಿದ್ದರೆ ಬೀಳುವುದಿಲ್ಲ ಎನ್ನುತ್ತಿದ್ದ.

ಮೊದಲ ಹೊದಿಕೆ ಮುಗಿದು ಕುರ್ಚಿಯ ಬೆನ್ನಿಗೆ ತೂಗುತ್ತಿದ್ದ ಭಾನುವಾರ, ಗ್ಯಾರೇಜಿನ ನಾಲ್ಕು ಜನ ಮೇಸ್ತ್ರಿಯ ಕೈ ನೋಡಲು ಬಂದಿದ್ದರು. ಅದೇ ಹೊತ್ತಿಗೆ ತುಂಬು ಬಸುರಿ ಟೀಚರಮ್ಮನೂ ಬಂದಳು.

“ಅಯ್ಯೋ, ಎಷ್ಟು ಚೆನ್ನಾಗಿದೆ! ಯಾರು ಹಾಕಿದ್ದು?”

ಮೇಸ್ತ್ರಿಯ ಕಿವಿ ಕೆಂಪಾಯಿತು. ನಾಲ್ವರೂ ಅವನ ಮುಖ ನೋಡಿದರು. ಗ್ಯಾರೇಜಿನಲ್ಲಿ ಒಂದು ಸಲ ಹೆಸರಿಟ್ಟರೆ ಸಾಯುವವರೆಗೂ ಅದೇ ಹೆಸರು. ಅವನು ಪೇಪರ್ ಎತ್ತಿ ಮುಖಕ್ಕೆ ಹಿಡಿದ.

“ನಾನೇ,” ಎಂದಳು ಹೆಂಡತಿ.

ಮಗಳು ಬಾಯಿ ತೆರೆದಳು. ಅಮ್ಮ ಅವಳ ತೋಳು ಚಿವುಟಿದಳು. ಆ ಹೊದಿಕೆ ಟೀಚರಮ್ಮನ ಮಗುವಿಗೆ ಹೋಯಿತು, ಹೆಸರು ಇವಳಿಗೆ ಬಂತು.

*

ಮೂರು ಹಾಕು, ಎರಡು ಬಿಡು. ಮಂತ್ರವೇನೋ ಬಾಯಿಪಾಠ. ಆದರೆ ಕೈ ಏನು ಮಾಡುತ್ತಿತ್ತು? ಉಲ್ಲನಕ್ಕ ಮಂಚದ ಅಂಚಿನಲ್ಲಿ ಕೂತು ನೆನಪಿಸಿಕೊಳ್ಳಲು ಒದ್ದಾಡಿದಳು. ಇಪ್ಪತ್ತೆರಡು ವರ್ಷ ಎದುರಿಗೇ ಕೂತಿದ್ದಳು. ಟಿವಿ ನೋಡಿದ್ದಳು, ಬೀನ್ಸ್ ಬಿಡಿಸಿದ್ದಳು, ಮಗಳ ಪುಸ್ತಕಕ್ಕೆ ಬೈಂಡ್ ಹಾಕಿದ್ದಳು. ಅವನ ಕೈಯೊಂದನ್ನು ಮಾತ್ರ ನೋಡಿರಲಿಲ್ಲ.

ಕಡ್ಡಿಯನ್ನು ಹಿಡಿದಳು. ರಬ್ಬರ್ ಹಿಡಿ ಅವಳ ಮುಷ್ಟಿಗೆ ದೊಡ್ಡದಾಯಿತು. ದಾರವನ್ನು ಸುತ್ತಿ ಒಳಗೆಳೆದಳು. ಒಂದು ಗಂಟಾಯಿತು. ಮತ್ತೆ ಸುತ್ತಿದಳು. ಎರಡನೆಯದು ಮೊದಲನೆಯದನ್ನು ನುಂಗಿತು. ಬಾಗಿಲಾಚೆ ಟೀಚರಮ್ಮನ ದನಿ ಕೇಳುತ್ತಿತ್ತು. “ಅಕ್ಕ ಮುಗಿಸ್ತಿದಾರೆ, ಯಾರೂ ತೊಂದರೆ ಕೊಡಬೇಡಿ.” ತಪ್ಪಿದ ಗಂಟನ್ನು ಬಿಡಿಸೋಣವೆಂದು ದಾರ ಎಳೆದಳು.

ಸರ್ರನೆ ಬಂತು. ಗಂಟಿನ ಜೊತೆ ಅವಳದಲ್ಲದ್ದೂ ಬಂತು. ಒಂದು ಅಲೆ ಇಳಿಯಿತು, ಇನ್ನೊಂದು ಇಳಿಯಿತು. ಅವಳು ಕೈಬಿಡುವಷ್ಟರಲ್ಲಿ ಗೇಣುದ್ದದ ಸಾಲು ಸುರುಳಿ ಸುರುಳಿ ದಾರವಾಗಿ ಮಡಿಲಲ್ಲಿ ಬಿದ್ದಿತ್ತು. ನಿನ್ನೆ ಮಧ್ಯಾಹ್ನ ಅವನು ಹಾಕಿದ್ದು. ಅವನು ಈ ಲೋಕದಲ್ಲಿ ಮಾಡಿದ ಕಟ್ಟಕಡೆಯ ಕೆಲಸ.

ಅವಳು ಬಾಯಿಗೆ ಸೆರಗು ತುರುಕಿಕೊಂಡಳು. ಬೆಳಗಿನಿಂದ ಬಾರದ ಅಳು ಆಗ ಬಂತು.

ಬಾಗಿಲು ಬಡಿದದ್ದು ಮಗಳು. ಒಳಗೆ ಬಂದು ಅಮ್ಮನ ಮಡಿಲು ನೋಡಿ ಏನೂ ಕೇಳದೆ ತನ್ನ ಸೀರೆಯ ಪಿನ್ನು ಬಿಚ್ಚಿ, ಬಾಯಿಬಿಟ್ಟ ಕುಣಿಕೆಗೆ ಸಿಕ್ಕಿಸಿದಳು.

“ಇನ್ನು ಬಿಚ್ಚಲ್ಲ. ಅಪ್ಪ ಹೀಗೇ ಮಾಡ್ತಿದ್ರು.”

“ನಿನಗೆ ಬರತ್ತಾ? ನೀನಾದ್ರೂ...”

“ಬರಲ್ಲ. ಅಪ್ಪ ಹೇಳಿಕೊಡ್ತೀನಿ ಅಂದಾಗ ನಾನೇ ಬೇಡ ಅಂದೆ. ಕಲಿತಿದ್ರೆ ‘ಅಮ್ಮ ಕಲಿಸಿದ್ದು’ ಅಂತ ನಾನೂ ಸುಳ್ಳು ಹೇಳಬೇಕಿತ್ತಲ್ಲ.” ಮಗಳ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. “ಈಗ ಅದೆಲ್ಲ ಬೇಡ. ಕೈ ನಡುಗತ್ತೆ, ಆಗ್ತಿಲ್ಲ ಅಂತ ಹೇಳಿಬಿಡು. ಯಾರೂ ಏನೂ ಅಂದ್ಕೊಳಲ್ಲ. ಮುಗೀತು.”

ಮುಗೀತು. ಹೌದಲ್ಲ, ಅಷ್ಟೇ ತಾನೇ. ಉಲ್ಲನಕ್ಕ ಎದ್ದಳು, ಕೂತಳು, ಕಿಟಕಿಯ ಬಳಿ ಹೋಗಿ ಬಂದಳು. ಮೂರು ಗಂಟೆಗೆ ಗಾಡಿ ಹೊರಟರೆ ಮಗಳನ್ನು ಬಿಟ್ಟರೆ ಗುಟ್ಟು ಬಲ್ಲ ಒಬ್ಬನೂ ಹೋದಂತೆ. ಇನ್ನು ಅವಳು ನಿಶ್ಚಿಂತೆಯಾಗಿ ಉಲ್ಲನಕ್ಕನಾಗಿಯೇ ಉಳಿಯಬಹುದು. ವಯಸ್ಸಾಯಿತು, ಕಣ್ಣು ಮಂಜು, ಈಗ ಹಾಕಲ್ಲ ಅಂದರಾಯಿತು. ಇಷ್ಟು ಸುಲಭವಾಗಿರುವುದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

*

ಮೊದಮೊದಲು ಸುಳ್ಳು ಅವನಿಗಾಗಿಯೇ ಇತ್ತು. ಬೆಲ್ ಬಾರಿಸಿದರೆ ಬುಟ್ಟಿ ಇವಳ ಮಡಿಲಿಗೆ, ಪೇಪರ್ ಅವನ ಮುಖಕ್ಕೆ. ಕಲಿಸಿಕೊಡಿ ಎಂದು ಬಂದವರಿಗೆ ಇವಳದು ಒಂದೇ ಉತ್ತರ. “ನನಗೆ ಕೈಗೆ ಬರತ್ತೆ, ಬಾಯಿಗೆ ಬರಲ್ಲ ಕಣ್ರೀ.” ನಿಮ್ಮ ಹೊದಿಕೆ ಯಾಕೆ ಸ್ವಲ್ಪ ಸೀಮೆಎಣ್ಣೆ ವಾಸನೆ ಅಂದರೆ, ನುಸಿ ಬರಬಾರದು ಅಂತ. ಯಾಕೆ ಒಂದರಲ್ಲೂ ಬಿಳಿ ಇಲ್ಲ ಅಂದರೆ, ಬಿಳಿ ಬೇಗ ಕೊಳೆಯಾಗತ್ತೆ ಅಂತ. ಇಬ್ಬರೂ ಆಮೇಲೆ ಅಡುಗೆಮನೆಯಲ್ಲಿ ನಿಂತು ಕಿಸಿಕಿಸಿ ನಗುತ್ತಿದ್ದರು.

ಬೀದಿಯ ಒಂದೊಂದು ಮಗುವಿಗೂ ಒಂದೊಂದು ಹೊದಿಕೆ ಹೋಯಿತು. ಆಮೇಲೆ ಬಡಾವಣೆಯ ಹೆಂಗಸರ ಸಂಘದವರು ವೇದಿಕೆಗೆ ಕರೆದು, ಚಪ್ಪಾಳೆ ತಟ್ಟಿಸಿ, ದೊಡ್ಡ ಸ್ಟೀಲ್ ತಟ್ಟೆ ಕೊಟ್ಟರು. ಮೇಸ್ತ್ರಿ ಕೊನೆಯ ಸಾಲಿನಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ. ಕೈ ಕೆಸರಾದದ್ದು ಒಬ್ಬರದು, ಬಾಯಿ ಮೊಸರಾದದ್ದು ಇನ್ನೊಬ್ಬರದು. ಆ ಮೊಸರು ಅವಳಿಗೆ ರುಚಿಸಿತು, ಸುಳ್ಳೇಕೆ.

ಅವನು ಗ್ಯಾರೇಜು ಬಿಟ್ಟ ವಾರ, ಇದೇ ಹೊದಿಕೆಯ ಮೊದಲ ನೀಲಿ ಸಾಲು ಹಾಕುತ್ತಾ ಕೇಳಿದ್ದ.

“ಏ, ಈಗ ಹೇಳಿಬಿಡೋಣ್ವಾ? ಇನ್ನು ನನ್ನ ನೋಡಿ ಯಾರು ನಗ್ತಾರೆ? ಹೊರಗೆ ಕಟ್ಟೆ ಮೇಲೆ ಬಿಸಿಲಲ್ಲಿ ಕೂತು ಹಾಕಬೇಕು ಅಂತ ಆಸೆ ಕಣೆ. ಒಳಗೆ ಬೆಳಕು ಸಾಲಲ್ಲ.”

“ಮತ್ತೆ ನನ್ನ ಗತಿ?” ಎಂದಿದ್ದಳು ಅವಳು, ಥಟ್ಟನೆ. “ಇಷ್ಟು ವರ್ಷ ಎಲ್ಲರಿಗೂ ಟೋಪಿ ಹಾಕಿದವಳು ಅಂತ ಆಗಲ್ವಾ? ನಾನು ತಲೆ ಎತ್ತಿಕೊಂಡು ಓಡಾಡೋದು ಬೇಡ್ವಾ?”

ಅವನು ಉಂಡೆಯನ್ನು ಮಡಿಲಿನಿಂದ ಕೆಳಗಿಟ್ಟ. “ಅದೂ ಸರಿ,” ಎಂದ. ಆಮೇಲೆ ಎದ್ದು ಕಿಟಕಿಯ ಪರದೆಯನ್ನು ಬೀದಿಗೆ ಕಾಣದಷ್ಟು, ಬೆಳಕು ಬರುವಷ್ಟು, ನಾಲ್ಕು ಬೆರಳಗಲ ಸರಿಸಿ, ಮತ್ತೆ ಎಣಿಸತೊಡಗಿದ.

*

ಎರಡೂವರೆಗೆ ಅವಳು ಹೊರಗೆ ಬಂದಳು. ಹೊದಿಕೆಯನ್ನು ಎದೆಗವಚಿಕೊಂಡು, ಕಡ್ಡಿ ಇಟ್ಟ ಬುಟ್ಟಿಯನ್ನು ಕೈಯಲ್ಲಿ ಹಿಡಿದಿದ್ದಳು. ಮಗಳು ಹೇಳಿಕೊಟ್ಟ ಮಾತೇ ಬಾಯಿಗೆ ಬಂತು.

“ಕೈ ನಡುಗತ್ತೆ. ಆಗ್ತಿಲ್ಲ.”

“ಪರವಾಗಿಲ್ಲ ಅಕ್ಕ,” ಎಂದು ಟೀಚರಮ್ಮ ಓಡಿಬಂದು ಅವಳನ್ನು ಹಿಡಿದುಕೊಂಡಳು. “ಆಗಬೇಕಾದರೂ ಹೇಗೆ? ಇಷ್ಟಿದೆಯಲ್ಲ, ಸಾಕು. ಇದನ್ನೇ ಹೊದಿಸೋಣ.”

ಅವಳು ಉಸಿರು ಬಿಟ್ಟಳು. ಆಗಿಹೋಯಿತು. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಪೇಂಟರ್ ಎದ್ದು ಬಂದು ಹೊದಿಕೆಯ ಅಂಚು ಮುಟ್ಟಿದ. ಗ್ಯಾರೇಜಿನಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವವನು, ಬಣ್ಣ ಕಂಡರೆ ಮುಟ್ಟದೆ ಇರಲಾರ.

“ಈ ಸಾಸಿವೆ ಹಳದಿ ಪಕ್ಕ ಇಟ್ಟಿಗೆ ಕೆಂಪು ಹಾಕು ಅಂದಿದ್ದು ನಾನು ಅತ್ತಿಗೆ. ಪ್ರತಿ ಸಲ ನನ್ನ ಹತ್ರ ಬಂದು ಕೇಳೋನು, ‘ನನ್ನ ಹೆಂಡ್ತಿ ಕೇಳಿದಾಳೆ, ಈ ಬಣ್ಣಕ್ಕೆ ಯಾವುದು ಹೊಂದತ್ತೆ ಹೇಳು’ ಅಂತ. ಒಂದು ಸಲ ನಾನೇ ರೇಗಿಸ್ದೆ, ಹೆಂಡ್ತಿ ಉಲ್ಲನ್ ಚೀಲ ಹೊರೋದೇ ಆಯ್ತಲ್ಲ ನಿನ್ನ ಬದುಕು ಅಂತ. ಏನಂದ ಗೊತ್ತಾ? ‘ಅವಳ ಕೈಯಲ್ಲಿ ಏನಿದೆ ಅಂತ ನಿಂಗೊತ್ತಿಲ್ಲ, ನಗಬೇಡ’ ಅಂದ. ಎರಡು ದಿನ ನನ್ನ ಜೊತೆ ಮಾತಾಡ್ಲಿಲ್ಲ.”

ಹೆಂಗಸರು ಮೂಗೆಳೆದುಕೊಂಡರು. ಉಲ್ಲನಕ್ಕ ತನ್ನ ಕೈ ನೋಡಿಕೊಂಡಳು. ಅದರಲ್ಲಿ ಏನೂ ಇರಲಿಲ್ಲ.

“ನಾನು ಹಾಕಿದ್ದಲ್ಲ,” ಎಂದಳು.

ಯಾರಿಗೂ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿದಳು, ಕೂಗಿಯೇ ಹೇಳಿದಳು. “ನಾನು ಹಾಕಿದ್ದಲ್ಲ! ಇದೂ ಅಲ್ಲ, ನಿಮ್ಮ ಮನೆಗಳಲ್ಲಿ ಇರೋದೂ ಅಲ್ಲ. ಒಂದೂ ಅಲ್ಲ. ಎಲ್ಲ ಇವರೇ ಹಾಕಿದ್ದು. ನನಗೆ ಕಡ್ಡಿ ಹಿಡಿಯೋಕೂ ಬರಲ್ಲ.”

ಎಲ್ಲರೂ ಅವಳತ್ತ ತಿರುಗಿದರು. ಆಮೇಲೆ ಟೀಚರಮ್ಮ ಅವಳ ತಲೆಯನ್ನು ತನ್ನ ಭುಜಕ್ಕೊರಗಿಸಿಕೊಂಡು, ಉಳಿದವರಿಗೆ ಕಣ್ಸನ್ನೆ ಮಾಡಿದಳು.

“ಪಾಪ, ದುಃಖದಲ್ಲಿ ಏನೇನೋ ಮಾತು ಬರತ್ತೆ. ಎಲ್ಲ ಗಂಡಂದೇ ಅಂತಿದಾರೆ ನೋಡಿ. ಯಾರಾದ್ರೂ ಸ್ವಲ್ಪ ನೀರು ತನ್ನಿ.”

“ಮೇಸ್ತ್ರಿ? ಕ್ರೋಶಾ?” ಎಂದು ಯಾರೋ ಹಿಂದಿನಿಂದ ಪಿಸುಗುಟ್ಟಿದರು. ತಡೆದುಕೊಂಡ ನಗೆಯೊಂದು ಕೆಮ್ಮಾಯಿತು.

ಆ ಕೆಮ್ಮು ಕೇಳಿ ಅವಳಿಗೆ ಮೈಯೆಲ್ಲ ಉರಿಯಿತು. ಯಾವ ನಗೆಗೆ ಹೆದರಿ ಅವನು ಪರದೆಯ ಹಿಂದೆ ಕೂತಿದ್ದನೋ ಅದೇ ನಗೆ. ಟೀಚರಮ್ಮನ ಕೈಯಿಂದ ಬಿಡಿಸಿಕೊಂಡು ಗಂಡನ ಪಕ್ಕಕ್ಕೆ ಹೋಗಿ ನೆಲದ ಮೇಲೆ ಕೂತಳು. ಅವಳು ಅವನ ಪಕ್ಕ ಕೂತದ್ದು ಬೆಳಗಿನಿಂದ ಅದೇ ಮೊದಲು.

“ನಿನ್ನೆ ನಾಲ್ಕು ಗಂಟೆಗೆ ನಾನು ಚಹಾ ತಂದೆ,” ಎಂದಳು. ಈಗ ಕೂಗುತ್ತಿರಲಿಲ್ಲ. “ಕುರ್ಚಿಲಿ ಹಾಗೇ ಕೂತಿದ್ರು. ಹೊದಿಕೆ ಮಡಿಲಲ್ಲಿ, ಕಡ್ಡಿ ಕೈಯಲ್ಲಿ. ಕರೆದೆ, ಮಾತಿಲ್ಲ. ಮುಟ್ಟಿದೆ, ಗೊತ್ತಾಯ್ತು. ಆಗ ನಾನು ಕೂಗಬೇಕಿತ್ತು. ಕೂಗಲಿಲ್ಲ. ನೀವೆಲ್ಲ ಬಂದು ನೋಡ್ತೀರಲ್ಲ ಅಂತ ಮೊದಲು ಕಡ್ಡಿ ತೆಗೆದೆ. ಬಿಡ್ತಾನೇ ಇರಲಿಲ್ಲ. ಒಂದೊಂದೇ ಬೆರಳು ಸರಿಸಿ ಎಳಕೊಂಡೆ. ನನ್ನ ಕುರ್ಚಿ ಪಕ್ಕ ಬುಟ್ಟಿಲಿ ಇಟ್ಟೆ. ಆಮೇಲೆ ಕೂಗಿದೆ.”

ಈ ಸಲ ಯಾರೂ ನೀರು ತನ್ನಿ ಎನ್ನಲಿಲ್ಲ. ಮಗಳು ಬಂದು ಅಮ್ಮನ ಬೆನ್ನ ಹಿಂದೆ ನಿಂತಳು.

ಉಲ್ಲನಕ್ಕ ಹೊದಿಕೆಯನ್ನು ಗಂಡನ ಮೇಲೆ ಹರವಿದಳು. ಪಾದದಿಂದ ಎದೆಯವರೆಗೆ ಅಲೆಗಳು ಬಂದವು. ಅರ್ಧ ಸಾಲಿನ ತುದಿ ಅವನ ಬಲಗೈ ಹತ್ತಿರ ನಿಂತಿತು. ಬುಟ್ಟಿಯಿಂದ ಕಡ್ಡಿ ತೆಗೆದು, ಪಿನ್ನು ಬಿಚ್ಚಿ ಕುಣಿಕೆಯನ್ನು ಅದಕ್ಕೆ ಏರಿಸಿದಳು. ಅಷ್ಟು ಅವಳಿಗೂ ಬಂತು. ಆಮೇಲೆ ಕಡ್ಡಿಯ ಹಿಡಿಯನ್ನು ಆ ಎರಡು ಬೆರಳು ಮತ್ತು ಹೆಬ್ಬೆರಳಿನ ನಡುವೆ ಮೆಲ್ಲಗೆ ತೂರಿಸಿದಳು.

ಒತ್ತಬೇಕಾಗಲಿಲ್ಲ. ರಬ್ಬರಿನಲ್ಲಿ ಸವೆದ ಕುಳಿಗೆ ಹೆಬ್ಬೆರಳು ಹೋಗಿ ಕೂತಿತು. ಬೆಳಗಿನಿಂದ ಯಾರ ಮಾತೂ ಕೇಳದ ಎರಡು ಬೆರಳು ಹಿಡಿಯ ಮೇಲೆ ತಮ್ಮ ತಮ್ಮ ಜಾಗದಲ್ಲಿ ನಿಂತವು.

ಪೇಂಟರ್ ಮಂಡಿಯೂರಿ ಕೂತು ಬಹಳ ಹೊತ್ತು ಆ ಕೈಯನ್ನೇ ನೋಡಿದ. “ಸ್ಪ್ಯಾನರ್ ಅಲ್ಲ ಹಾಗಾದ್ರೆ,” ಎಂದ. “ಲೋ ಕಳ್ಳ.”

ಟೀಚರಮ್ಮ ಬಗ್ಗಿ ಹೊದಿಕೆಯ ಅಂಚನ್ನು ಮೂಗಿಗೆ ಹಿಡಿದಳು. ಅವಳ ಮಗ ಹತ್ತು ವರ್ಷದವನಾಗುವವರೆಗೂ ಇದೇ ಸೀಮೆಎಣ್ಣೆ ವಾಸನೆ ಇಲ್ಲದೆ ನಿದ್ದೆ ಮಾಡುತ್ತಿರಲಿಲ್ಲ. ಅವಳು ಉಲ್ಲನಕ್ಕನ ಮುಖ ನೋಡಲಿಲ್ಲ. ಇವಳೂ ಅವಳದನ್ನು ನೋಡಲಿಲ್ಲ.

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ನಾಲ್ಕು ಜನ ಬಂದು ನಾಲ್ಕು ಮೂಲೆಗೆ ನಿಂತರು. ಅವರಲ್ಲೊಬ್ಬ, ಮೇಸ್ತ್ರಿಯ ಕೈಯಿಂದ ಬುಟ್ಟಿಗೆ ಹೋಗಿದ್ದ ನೀಲಿ ದಾರವನ್ನು ಕಂಡು, “ಯಾರಾದ್ರೂ ಕತ್ತರಿ ಕೊಡಿ” ಎಂದ.

“ಕತ್ತರಿ ಬೇಡ,” ಎಂದಳು ಟೀಚರಮ್ಮ.

ಅವಳು ಬುಟ್ಟಿಯಿಂದ ಉಂಡೆಯನ್ನು ಎತ್ತಿಕೊಂಡಳು. ಮೇಸ್ತ್ರಿಯನ್ನು ಎತ್ತಿದರು. ಬಾಗಿಲು ದಾಟಿ, ಕಟ್ಟೆ ದಾಟಿ, ಬಿಸಿಲಿಗೆ ಬಂದರು. ಅವನ ಕೈಯ ಕುಣಿಕೆ ಬಿಚ್ಚಿಕೊಳ್ಳಬಾರದೆಂದು ಟೀಚರಮ್ಮ ಉಂಡೆಯಿಂದ ಒಂದೊಂದೇ ಸುತ್ತು ದಾರ ಬಿಡುತ್ತಾ, ಇಡೀ ಬೀದಿ ನೋಡುತ್ತಿದ್ದಂತೆ, ಗಾಡಿಯವರೆಗೂ ಹಿಂದೆ ಹಿಂದೆಯೇ ನಡೆದಳು.